ಎಷ್ಟುದ್ದ ತಂತಿ, ಎಷ್ಟು ವೋಲ್ಟ್ ಬ್ಯಾಟರಿ? ಬಿಸಿ ತಂತಿಯ ಕಟ್ಟರ್ ಕಟ್ಟುವ ಮೊದಲಿನ ಲೆಕ್ಕ

ಕಾರವಾರದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ನನ್ನ ಅಂಗಡಿಗೆ ವಾರಕ್ಕೊಬ್ಬರಾದರೂ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: "ಬ್ಯಾಟರಿ ಉಂಟು, ನೈಕ್ರೋಮ್ ತಂತಿ ಉಂಟು. ಎಷ್ಟುದ್ದ ಹಾಕಬೇಕು ಮಾರಾಯ್ರೇ?" ಬಿಸಿ ತಂತಿಯ ಕಟ್ಟರ್ ಅಂದರೆ ಬಿಲ್ಲಿಗೆ ಬಿಗಿದ ನೈಕ್ರೋಮ್ (ನಿಕ್ಕಲ್, ಕ್ರೋಮಿಯಂ ಬೆರಕೆಯ) ತಂತಿಯನ್ನು ಕರೆಂಟಿನಿಂದ ಕಾಯಿಸಿ ಕೊಯ್ಯುವ ಸಾಧನ. ಮೀನಿನ ಪೆಟ್ಟಿಗೆಗೆ ಥರ್ಮೋಕೋಲ್ ಹಾಳೆ ಅಳತೆಗೆ ಕತ್ತರಿಸುವವರು ಕೇಳುತ್ತಾರೆ, ಹಗ್ಗದ ತುದಿ ಸುಟ್ಟು ಕೂಡಿಸುವವರು ಕೇಳುತ್ತಾರೆ, ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ಮಾಡುವ ಮಕ್ಕಳೂ ಕೇಳುತ್ತಾರೆ. ಘಟ್ಟದ ಮೇಲಿಂದ, ಶಿರಸಿ ಕಡೆಯಿಂದ, ಜೇನು ಸಾಕುವವರು ಮೇಣದ ಹಾಳೆಗೆ ತಂತಿ ಕೂರಿಸುವ ವಿಷಯಕ್ಕೆ ಫೋನ್ ಮಾಡುತ್ತಾರೆ. ಎಲ್ಲರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಗಣಪತಿ ಮಂಟಪಕ್ಕೆ ಥರ್ಮೋಕೋಲ್ ಕೆತ್ತಲು ಈ ಕಟ್ಟರ್ ಬೇಕು ಅನ್ನುವವರು ಒಂದು ಮಾತು ತಿಳಿದಿರಿ. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ನಾನು ಇಲ್ಲಿ ಹೇಳುವುದು ಪ್ಯಾಕಿಂಗ್, ತಂಪು ಪೆಟ್ಟಿಗೆ, ಹಗ್ಗ ಮತ್ತು ಮೇಣದ ಕೆಲಸಕ್ಕೆ.

ಇನ್ನೊಂದು ಗುಂಪೂ ಇದೆ. ವೇಪ್ ಕಾಯಿಲ್ ಸುತ್ತುವ ವಿಡಿಯೋ ನೋಡಿ ಅದರಲ್ಲಿನ ಬ್ಯಾಟರಿ, ತಂತಿಯ ಜೋಡಿಯನ್ನೇ ಕಟ್ಟರ್‌ಗೆ ಹಾಕಲು ಹೊರಡುವವರು. ವೇಪ್ ಅಂದರೆ ಇ-ಸಿಗರೇಟ್. 2019ರ ಕಾನೂನಿನ ಪ್ರಕಾರ ನಮ್ಮಲ್ಲಿ ಅದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ಅದು ಒತ್ತಟ್ಟಿಗಿರಲಿ, ಆ ಲೆಕ್ಕ ಕಟ್ಟರ್‌ಗೆ ಹೊಂದುವುದೂ ಇಲ್ಲ. ಅಲ್ಲಿ 0.2 ಓಮ್‌ನ ಕಾಯಿಲ್ ಹಾಕುತ್ತಾರೆ. ತುಂಬಿದ ಲಿಥಿಯಂ ಸೆಲ್ 4.2 ವೋಲ್ಟ್. ಭಾಗಿಸಿ ನೋಡಿ, 21 ಆಂಪಿಯರ್. ಹಳೆಯ ಲ್ಯಾಪ್‌ಟಾಪ್‌ನಿಂದ ಕಿತ್ತ ಸೆಲ್‌ನಿಂದ ಇದನ್ನು ಎಳೆದರೆ ಕೈಯಲ್ಲಿ ಪಟಾಕಿ ಹಿಡಿದ ಹಾಗೆ.

ನಾಲ್ಕು ಶಬ್ದಗಳು ಗೊತ್ತಿದ್ದರೆ ಸಾಕು. ವೋಲ್ಟ್ ಅಂದರೆ ಬ್ಯಾಟರಿಯ ಒತ್ತಡ. ಓಮ್ ಅಂದರೆ ತಂತಿ ಒಡ್ಡುವ ಅಡ್ಡಿ, ಶಾಲೆಯ ಪುಸ್ತಕದಲ್ಲಿ ಇದಕ್ಕೆ ರೋಧ ಅನ್ನುತ್ತಾರೆ. ಆಂಪಿಯರ್ ಅಂದರೆ ನಿಜವಾಗಿ ಹರಿಯುವ ಕರೆಂಟು. ವ್ಯಾಟ್ ಅಂದರೆ ಹುಟ್ಟುವ ಬಿಸಿ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್, ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. ಹತ್ತನೇ ಕ್ಲಾಸಿನ ಓಮ್ ನಿಯಮ ಇಷ್ಟೇ.

ಬೇಕಾಗುವ ಸಾಮಾನು: ನೈಕ್ರೋಮ್ ತಂತಿ, ಮಲ್ಟಿಮೀಟರ್, ಬ್ಯಾಟರಿ, ಕಾರಿನಲ್ಲಿ ಹಾಕುವ ಚಪ್ಪಟೆ ಫ್ಯೂಸ್ ಮತ್ತು ಅದರ ಹೋಲ್ಡರ್, ಒಂದು ಕಾಲಿಂಗ್ ಬೆಲ್ ಸ್ವಿಚ್, ಒಂದು ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ವಯರ್, ನಟ್ಟು ಬೋಲ್ಟು ವಾಷರ್, ಬಿಲ್ಲಿಗೆ ಬಿದಿರಿನ ಸೀಳು. ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಸಾಧಾರಣದ್ದೇ ಸಾಕು, ಆದರೆ ಇರಲೇಬೇಕು.

1. ನಿಮ್ಮ ತಂತಿ ಯಾವುದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಎಡವುವುದು ಹೆಚ್ಚಾಗಿ ಇಲ್ಲಿಯೇ. "28 ನಂಬರ್ ತಂತಿ" ಅಂತ ತರುತ್ತೀರಿ. ಯಾವ 28? ನಮ್ಮ ಹಾರ್ಡ್‌ವೇರ್ ಮತ್ತು ವೈಂಡಿಂಗ್ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಪದ್ಧತಿಯ ಎಸ್‌ಡಬ್ಲ್ಯುಜಿ ಗೇಜು, ಅಂದರೆ ತಂತಿಯ ದಪ್ಪದ ನಂಬರು. ಆನ್‌ಲೈನ್‌ನಲ್ಲಿ ಬರುವ ಸುರುಳಿಗಳಲ್ಲಿ ಬಹಳಷ್ಟು ಅಮೆರಿಕದ ಎಡಬ್ಲ್ಯುಜಿ. ಎಸ್‌ಡಬ್ಲ್ಯುಜಿ 28ರ ದಪ್ಪ 0.376 ಮಿ.ಮೀ., ಎಡಬ್ಲ್ಯುಜಿ 28ರದು 0.321 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದು ಮೀಟರಿಗೆ ಸುಮಾರು 9.8 ಓಮ್, ಎರಡನೆಯದು ಸುಮಾರು 13.5 ಓಮ್. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ. ಚೀಟಿ ನಂಬಿ ನಾನೇ ಒಮ್ಮೆ ಮೋಸಹೋಗಿದ್ದೇನೆ.

ದಪ್ಪ ಅಳೆಯಲು ಮೈಕ್ರೋಮೀಟರ್ ಬೇಕಿಲ್ಲ. ಪೆನ್ಸಿಲ್‌ಗೆ ತಂತಿಯನ್ನು ಒಂದಕ್ಕೊಂದು ತಾಗುವ ಹಾಗೆ ಇಪ್ಪತ್ತು ಸುತ್ತು ಸುತ್ತಿ, ಆ ಇಪ್ಪತ್ತು ಸುತ್ತಿನ ಅಗಲವನ್ನು ಸ್ಕೇಲಿನಲ್ಲಿ ನೋಡಿ. ಏಳೂವರೆ ಮಿ.ಮೀ. ಬಂದರೆ ಎಸ್‌ಡಬ್ಲ್ಯುಜಿ 28. ಆರೂವರೆಯ ಹತ್ತಿರ ಬಂದರೆ ಎಡಬ್ಲ್ಯುಜಿ 28. ಸುತ್ತುಗಳ ನಡುವೆ ಸಂದಿ ಇರಬಾರದು, ಉಗುರಿನಿಂದ ಒತ್ತಿ ಕೂಡಿಸಿ.

ಮುಂದೆ ನಾನು ಹೇಳುವುದೆಲ್ಲ ಎಸ್‌ಡಬ್ಲ್ಯುಜಿ ಲೆಕ್ಕ, ಅದೂ ನಿಕ್ಕಲ್ 80, ಕ್ರೋಮಿಯಂ 20 ಬೆರಕೆಯ ನೈಕ್ರೋಮ್‌ಗೆ. ಮೀಟರಿಗೆ 26 ಗೇಜು 6.6 ಓಮ್, 28 ಗೇಜು 9.8 ಓಮ್, 30 ಗೇಜು 14 ಓಮ್, ಸುಮಾರಾಗಿ.

ಹಳೆಯ ಹೀಟರಿನ ಕಾಯಿಲ್ ಬಿಚ್ಚಿ ಬಳಸಬಹುದೇ? ಬಳಸಬಹುದು, ಆದರೆ ವರ್ಷಗಟ್ಟಲೆ ಕೆಂಪಗೆ ಕಾದ ತಂತಿ ಬಿರುಸಾಗಿರುತ್ತದೆ, ನೆಟ್ಟಗೆ ಎಳೆಯುವಾಗ ಪಟ್ಟನೆ ಮುರಿಯುತ್ತದೆ. ಮೈಮೇಲೆ ಕಪ್ಪು ಪೊರೆ ಬೇರೆ. ಆ ಪೊರೆಗೆ ಕರೆಂಟು ಸರಿಯಾಗಿ ದಾಟುವುದಿಲ್ಲ, ಎರಡೂ ತುದಿಯನ್ನು ಪಾಲಿಶ್ ಪೇಪರಿನಿಂದ ಬೆಳ್ಳಗೆ ಉಜ್ಜಬೇಕು. ಹೊಸ ತಂತಿ ಕೊಳ್ಳುವುದೇ ಒಳ್ಳೆಯದು.

2. ಓಮ್ ಅಳೆಯಿರಿ

ಬೇಕಾದ ಉದ್ದ ಕತ್ತರಿಸಿ, ಬ್ಯಾಟರಿಗೆ ಜೋಡಿಸುವ ಮೊದಲೇ ಅಳೆಯಿರಿ. ಮೀಟರನ್ನು 200 ಓಮ್ ಸ್ಥಾನಕ್ಕೆ ತಿರುಗಿಸಿ. ಮೊದಲು ಕೆಂಪು, ಕಪ್ಪು ಮೊನೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಸೊನ್ನೆ ಬರುವುದಿಲ್ಲ, 0.3, 0.4 ಹೀಗೇನೋ ಬರುತ್ತದೆ. ಅದು ಮೀಟರಿನ ವಯರಿನದೇ ಅಡ್ಡಿ. ತಂತಿ ಅಳೆದಾಗ ಬರುವ ಅಂಕಿಯಿಂದ ಇದನ್ನು ಕಳೆಯಬೇಕು. 45 ಸೆಂ.ಮೀ. ತಂತಿಗೆ 4.8 ತೋರಿಸಿ, ಮೊನೆಗಳದು 0.4 ಇದ್ದರೆ, ತಂತಿ ನಿಜಕ್ಕೆ 4.4 ಓಮ್. ನೂರು ಓಮ್ ಅಳೆಯುವಾಗ ಈ 0.4 ಲೆಕ್ಕಕ್ಕಿಲ್ಲ. ಎರಡು ಮೂರು ಓಮ್ ಅಳೆಯುವಾಗ ಅದೇ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಬ್ಯಾಟರಿ ಜೋಡಿಸಿದ ಮೇಲೆ ಓಮ್ ಅಳೆಯಬೇಡಿ. ಮೀಟರಿನ ಕೆಂಪು ಮೊನೆಯನ್ನು 10 ಆಂಪಿಯರ್ ತೂತಿನಲ್ಲಿ ಮರೆತು ಬಿಟ್ಟು ಬ್ಯಾಟರಿಯ ವೋಲ್ಟ್ ನೋಡಲು ಹೋಗಬೇಡಿ, ಅದು ನೇರ ಶಾರ್ಟ್. ಇದನ್ನು ಓದಿ ನಗುವ ಮೆಕ್ಯಾನಿಕ್‌ಗಳೂ ಒಮ್ಮೆ ಮಾಡಿದವರೇ.

ನೈಕ್ರೋಮ್‌ನ ಒಂದು ಒಳ್ಳೆಯ ಗುಣವೆಂದರೆ ಬಿಸಿಯಾದಾಗ ಅದರ ಓಮ್ ಹೆಚ್ಚು ಏರುವುದಿಲ್ಲ. ತಣ್ಣಗಿದ್ದಾಗ ಅಳೆದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬಹುದು.

3. ತಂತಿಗೆ ಎಷ್ಟು ಆಂಪಿಯರ್ ಬೇಕು?

ಈ ಒಂದು ವಿಷಯ ತಲೆಗೆ ಹೋದರೆ ಉಳಿದದ್ದು ಸುಲಭ. ತಂತಿ ಎಷ್ಟು ಬಿಸಿಯಾಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಅದರಲ್ಲಿ ಹರಿಯುವ ಆಂಪಿಯರ್ ಮತ್ತು ಅದರ ದಪ್ಪ. ಉದ್ದ ಅಲ್ಲಿಗೆ ಬರುವುದೇ ಇಲ್ಲ. ಒಂದೇ ಗೇಜಿನ ತಂತಿ ಗೇಣುದ್ದ ಇರಲಿ, ಮೊಳದುದ್ದ ಇರಲಿ, ಒಂದೇ ಆಂಪಿಯರ್ ಹರಿದರೆ ಒಂದೇ ಬಿಸಿ. ಉದ್ದ ಹೆಚ್ಚಿದಷ್ಟೂ ಅಷ್ಟೇ ಆಂಪಿಯರ್ ನೂಕಲು ಹೆಚ್ಚು ವೋಲ್ಟ್ ಬೇಕು, ಅಷ್ಟೇ. ಹಾಗಾಗಿ "12 ವೋಲ್ಟಿಗೆ ಯಾವ ತಂತಿ" ಅಂತ ಶುರು ಮಾಡಿದರೆ ಗಂಟು ಬಿಚ್ಚುವುದಿಲ್ಲ. ಮೊದಲು ತಂತಿ, ಅದಕ್ಕೆ ಬೇಕಾದ ಆಂಪಿಯರ್, ಕೊನೆಗೆ ವೋಲ್ಟ್.

ಥರ್ಮೋಕೋಲ್ ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ತಂತಿ ಕೆಂಪಗಾಗುವ ಅಗತ್ಯವೇ ಇಲ್ಲ. ಸೆಂಟಿಮೀಟರಿಗೆ ಕಾಲು ವ್ಯಾಟಿನಿಂದ 0.4 ವ್ಯಾಟ್ ತನಕ ಬಿಸಿ ಇದ್ದರೆ ಕೈಯಲ್ಲಿ ಕೊಯ್ಯುವ ಕೆಲಸ ನೀಟಾಗಿ ಆಗುತ್ತದೆ. ಅದಕ್ಕೆ ನಾನು ಇಟ್ಟುಕೊಂಡ ಅಂದಾಜು ಹೀಗೆ:

30 ಗೇಜಿಗೆ 1.3ರಿಂದ 1.6 ಆಂಪಿಯರ್.
28 ಗೇಜಿಗೆ 1.6ರಿಂದ 2 ಆಂಪಿಯರ್.
26 ಗೇಜಿಗೆ 2ರಿಂದ 2.5 ಆಂಪಿಯರ್.

ವೋಲ್ಟಿಗೆ ತಿರುಗಿಸಿದರೆ ಈ ಮೂರೂ ಗೇಜಿಗೆ ಹತ್ತು ಸೆಂ.ಮೀ.ಗೆ ಸುಮಾರು ಒಂದೂವರೆಯಿಂದ ಎರಡು ವೋಲ್ಟ್ ಬರುತ್ತದೆ. ಅಂಗಡಿಯಲ್ಲಿ ಯಾರಾದರೂ ಕೇಳಿದಾಗ ನಾನು ಮನಸ್ಸಿನಲ್ಲೇ ಹಾಕುವ ಲೆಕ್ಕ ಇದು. 12 ವೋಲ್ಟ್ ಬ್ಯಾಟರಿಗೆ 28 ಗೇಜು ಆದರೆ ಸುಮಾರು 70 ಸೆಂ.ಮೀ. ಗೇಣುದ್ದದ ಬಿಲ್ಲಿಗೆ 12 ವೋಲ್ಟ್ ಹಾಕಿದವನ ತಂತಿ ಯಾಕೆ ತುಂಡಾಯಿತು ಅಂತ ಇದರಲ್ಲೇ ಗೊತ್ತಾಗುತ್ತದೆ.

ನೈಲಾನ್ ಹಗ್ಗಕ್ಕೆ ಇದಕ್ಕಿಂತ ಹೆಚ್ಚು ಬಿಸಿ ಬೇಕು. ಬಲೆಯವರು ಬಳಸುವ ನೈಲಾನ್ 220 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಪಾಲಿಪ್ರೊಪಿಲೀನ್ ಹಗ್ಗ 160ರ ಸುಮಾರಿಗೆ. ಹಗ್ಗ ಕೊಯ್ಯಲು 26 ಗೇಜಿನ ಗಿಡ್ಡ ತಂತಿ, ಮೇಲಿನ ಅಂಕಿಗಿಂತ ಅರ್ಧ ಆಂಪಿಯರ್ ಜಾಸ್ತಿ ಇಟ್ಟುಕೊಳ್ಳಿ. ತೆಳು ತಂತಿ ಹಾಕಿದರೆ ಹಗ್ಗದ ಒತ್ತಡಕ್ಕೇ ಬಾಗಿ ಹೋಗುತ್ತದೆ.

4. ಬ್ಯಾಟರಿ ಅಷ್ಟು ಕೊಡಬಲ್ಲದೇ?

ಬ್ಯಾಟರಿಯ ಮೇಲೆ ಬರೆದ ವೋಲ್ಟ್ ಬೇರೆ, ತುಂಬ ಚಾರ್ಜ್ ಆದಾಗಿನ ವೋಲ್ಟ್ ಬೇರೆ. ಲಿಥಿಯಂ 18650 ಸೆಲ್ ಮೇಲೆ 3.7 ಎಂದಿರುತ್ತದೆ, ತುಂಬಿದಾಗ 4.2. (18650 ಅಂದರೆ ಹದಿನೆಂಟು ಮಿ.ಮೀ. ದಪ್ಪ, ಅರವತ್ತೈದು ಮಿ.ಮೀ. ಉದ್ದದ ಸೆಲ್.) ಎರಡನ್ನು ಸಾಲಾಗಿ, ಅಂದರೆ ಸೀರೀಸ್‌ನಲ್ಲಿ ಜೋಡಿಸಿದರೆ 7.4 ಎನ್ನುತ್ತಾರೆ, ತುಂಬಿದಾಗ 8.4. ಮೂರಾದರೆ 12.6. ಬೈಕಿನ 12 ವೋಲ್ಟ್ ಬ್ಯಾಟರಿಯೂ ತುಂಬಿದಾಗ 12.6ರಿಂದ 12.8. ಸುರಕ್ಷತೆಯ ಲೆಕ್ಕವನ್ನು ಯಾವತ್ತೂ ತುಂಬಿದ ಅಂಕಿಯಿಂದಲೇ ಹಾಕಬೇಕು. ಚಾರ್ಜರಿನಿಂದ ಆಗಷ್ಟೇ ತೆಗೆದ ಬ್ಯಾಟರಿಯೇ ಅತಿ ಹೆಚ್ಚು ಕರೆಂಟು ನೂಕುವುದು.

ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. 28 ಗೇಜು, 45 ಸೆಂ.ಮೀ., 4.4 ಓಮ್. ಬ್ಯಾಟರಿ ಎರಡು 18650 ಸೀರೀಸ್‌ನಲ್ಲಿ.

ತುಂಬಿದಾಗ: 8.4 ÷ 4.4 = 1.9 ಆಂಪಿಯರ್. ಬಿಸಿ 16 ವ್ಯಾಟ್.
ಸಾಮಾನ್ಯವಾಗಿ: 7.4 ÷ 4.4 = 1.7 ಆಂಪಿಯರ್. ಬಿಸಿ 12.4 ವ್ಯಾಟ್.

28 ಗೇಜಿಗೆ ಬೇಕಾದ 1.6ರಿಂದ 2ರ ಒಳಗೇ ಎರಡೂ ಬಂದವು. ತಂತಿಯ ಕಡೆಯಿಂದ ಪಾಸು. ಇನ್ನು ಸೆಲ್ ಕಡೆಯಿಂದ. ಪ್ರತಿ ಸೆಲ್‌ಗೂ ಸತತವಾಗಿ ಇಷ್ಟು ಆಂಪಿಯರ್ ಕೊಡಬಹುದು ಎಂಬ ಮಿತಿ ಇರುತ್ತದೆ, ತಯಾರಕರ ವಿವರಪಟ್ಟಿಯಲ್ಲಿ ಬರೆದಿರುತ್ತಾರೆ. ಆ ಮಿತಿಯ ಅರ್ಧಕ್ಕಿಂತ ಹೆಚ್ಚು ಎಳೆಯಬಾರದು ಎಂಬುದು ನನ್ನ ನಿಯಮ. ಅಂದರೆ 1.9 ಆಂಪಿಯರ್‌ಗೆ ಕನಿಷ್ಠ 4 ಆಂಪಿಯರ್ ಮಿತಿಯ ಸೆಲ್. ಹೆಸರಿರುವ ತಯಾರಕರ ಸಾಧಾರಣ 2500, 2600 ಎಂಎಎಚ್ ಸೆಲ್‌ಗಳು ಇದಕ್ಕೆ ಸಾಕು. ಡ್ರಿಲ್ಲಿಂಗ್ ಮಷಿನ್‌ಗೆಂದು ಮಾಡಿದ ಸೆಲ್‌ಗಳು 20 ಆಂಪಿಯರ್ ತನಕವೂ ಕೊಡುತ್ತವೆ. ಲ್ಯಾಪ್‌ಟಾಪ್‌ನಿಂದ ಕಿತ್ತ ಹಳೆಯದರಿಂದ 2 ಆಂಪಿಯರ್ ದಾಟಬೇಡಿ.

ಎಂಎಎಚ್ ಅಂದರೆ ಸೆಲ್‌ನಲ್ಲಿ ಎಷ್ಟು ಹೊತ್ತಿನ ದಾಸ್ತಾನು ಇದೆ ಎಂಬುದು. ಎಷ್ಟು ಜೋರಾಗಿ ಕೊಡಬಲ್ಲದು ಎಂಬುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. 18650 ಗಾತ್ರದಲ್ಲಿ 3600 ಎಂಎಎಚ್ ದಾಟುವುದೇ ಕಷ್ಟ. ಮೈಮೇಲೆ 9900 ಎಂದು ಬರೆದಿದ್ದರೆ ಅದು ಸುಳ್ಳು, ಆಣೆ ಮಾಡಿ ಹೇಳುತ್ತೇನೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ನೋಡಿ. ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ಮೂವತ್ತೋ ಅದಕ್ಕಿಂತ ಕಡಿಮೆಯೋ ಬಂದರೆ ಟಾರ್ಚಿಗೂ ಬೇಡ.

ಈಗ ತಪ್ಪು ಜೋಡಿಯ ಲೆಕ್ಕ. ಅದೇ ಎರಡು ಸೆಲ್, ಅದೇ ತಂತಿ, ಆದರೆ ಪುಟ್ಟ ಬಿಲ್ಲು ಬೇಕೆಂದು 15 ಸೆಂ.ಮೀ. ಹಾಕಿದಿರಿ. 1.47 ಓಮ್. 8.4 ÷ 1.47 = 5.7 ಆಂಪಿಯರ್, 48 ವ್ಯಾಟ್. ತಂತಿ ಕೆಂಪಗಾಗಿ ಕರಟಿ ತುಂಡಾಗುತ್ತದೆ. ತಂತಿ ತುಂಡಾದರೆ ಪುಣ್ಯ, ಕರೆಂಟು ನಿಂತಿತು. ತುಂಡಾಗದೆ ಉಳಿದರೆ ಸೆಲ್ ಕಾಯುತ್ತದೆ. ಪುಟ್ಟ ಬಿಲ್ಲಿಗೆ ಒಂದೇ ಸೆಲ್ ಹಾಕಿ, ತಂತಿ 22ರಿಂದ 25 ಸೆಂ.ಮೀ. ಇರಲಿ.

ಸೀರೀಸ್‌ನಲ್ಲಿ ವೋಲ್ಟ್ ಕೂಡುತ್ತದೆ, ಪ್ರತಿ ಸೆಲ್‌ನಿಂದಲೂ ಪೂರ್ತಿ ಆಂಪಿಯರ್ ಹೋಗುತ್ತದೆ. ಪಕ್ಕಪಕ್ಕ ಜೋಡಿಸುವ ಪ್ಯಾರಲಲ್‌ನಲ್ಲಿ ವೋಲ್ಟ್ ಅಷ್ಟೇ ಇದ್ದು ಆಂಪಿಯರ್ ಹಂಚಿಹೋಗುತ್ತದೆ. ಹೊಸದು ಹಳೆಯದು ಬೆರೆಸಬೇಡಿ. ಬೇರೆ ಬೇರೆ ಮಟ್ಟಕ್ಕೆ ಚಾರ್ಜ್ ಆದ ಎರಡು ಸೆಲ್‌ಗಳನ್ನು ಪ್ಯಾರಲಲ್ ಮಾಡಿದರೆ ತುಂಬಿದ್ದು ಖಾಲಿಯದರೊಳಗೆ ಒಮ್ಮೆಲೇ ನುಗ್ಗುತ್ತದೆ.

5. ಫ್ಯೂಸ್, ಸ್ವಿಚ್, ರೆಗ್ಯುಲೇಟರ್

ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರ ಇರಬೇಕು. ಕೆಲಸದ ಕರೆಂಟಿನ ಒಂದೂವರೆ ಪಟ್ಟು ಸಾಕು. 1.9 ಆಂಪಿಯರ್ ಎಳೆಯುವ ನಮ್ಮ ಬಿಲ್ಲಿಗೆ 3 ಆಂಪಿಯರ್ ಫ್ಯೂಸ್. ಬೈಕ್ ಬ್ಯಾಟರಿ, ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಬಳಸುವವರಂತೂ ಫ್ಯೂಸ್ ಬಿಡಲೇಬೇಡಿ. ಸೀಸದ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಬಿಡುತ್ತದೆ, ಸ್ಪ್ಯಾನರ್ ಕೆಂಪಗಾಗುವಷ್ಟು. ಫ್ಯೂಸ್ ಸುಟ್ಟಾಗ ಅದರ ಜಾಗದಲ್ಲಿ ತಾಮ್ರದ ಎಳೆ ಸುತ್ತುವ ನಮ್ಮೂರ ಚಾಳಿ ಇಲ್ಲಿ ಬೇಡ.

ಸ್ವಿಚ್ ಒತ್ತಿ ಹಿಡಿದಾಗ ಮಾತ್ರ ಕೆಲಸ ಮಾಡುವಂಥದ್ದಿರಲಿ. ಕಾಲಿಂಗ್ ಬೆಲ್ ಸ್ವಿಚ್ ಅದಕ್ಕೇ ಹೇಳಿದ್ದು. ಫೋನ್ ಬಂತೆಂದು ಎದ್ದು ಹೋದರೂ ಬಿಲ್ಲು ತಾನೇ ತಣ್ಣಗಾಗುತ್ತದೆ.

ಲಿಥಿಯಂ ಸೆಲ್‌ಗಳಿಗೆ ರಕ್ಷಣೆಯ ಬೋರ್ಡ್ ಹಾಕಿ, ಬಿಎಂಎಸ್ ಎಂದು ಕೇಳಿದರೆ ಕೊಡುತ್ತಾರೆ. ಸೆಲ್ ತೀರಾ ಖಾಲಿಯಾಗುವ ಮೊದಲು, ಕರೆಂಟು ಮಿತಿ ಮೀರಿದಾಗ ಅದು ಕಡಿದು ಹಾಕುತ್ತದೆ. ಎರಡು ಸೆಲ್‌ಗೆ ಎರಡು ಸೆಲ್‌ನ ಬೋರ್ಡ್, 8.4 ವೋಲ್ಟ್‌ನ ಚಾರ್ಜರ್. ಅಗ್ಗಕ್ಕೆ ಸಿಗುವ ಟಿಪಿ4056 ಎಂಬ ಪುಟ್ಟ ಚಾರ್ಜರ್ ಬೋರ್ಡ್ ಒಂದು ಸೆಲ್‌ಗೆ ಮಾತ್ರ.

ಬಿಸಿ ಹೆಚ್ಚು ಕಡಿಮೆ ಮಾಡಲು ಡಿಸಿ ಮೋಟಾರಿನ ಪಿಡಬ್ಲ್ಯುಎಂ ರೆಗ್ಯುಲೇಟರ್ ಹಾಕುವವರಿದ್ದಾರೆ. ಹಾಕಬಹುದು. ಒಂದೇ ತಿಳುವಳಿಕೆ ಇರಲಿ: ಅದು ವೋಲ್ಟ್ ಇಳಿಸುವುದಿಲ್ಲ, ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ಹಿಡಿಯುತ್ತದೆ. ಬಿಟ್ಟಾಗಲೆಲ್ಲ ಸೆಲ್‌ನಿಂದ ಪೂರ್ತಿ ಆಂಪಿಯರ್ ಹೋಗುತ್ತದೆ. ಮೇಲಿನ 15 ಸೆಂ.ಮೀ. ಬಿಲ್ಲಿಗೆ ರೆಗ್ಯುಲೇಟರ್ ಹಾಕಿ ಸಣ್ಣಗೆ ತಿರುಗಿಸಿಟ್ಟರೂ ಸೆಲ್ ಕಾಣುವುದು 5.7 ಆಂಪಿಯರ್‌ನ ಹೊಡೆತವನ್ನೇ. ಹಾಗಾಗಿ ಜೋಡಿ ಮೊದಲೇ ಸರಿಯಾಗಿರಬೇಕು, ರೆಗ್ಯುಲೇಟರ್ ಬರೀ ಹದಕ್ಕೆ.

ಫ್ಯಾನಿನ ರೆಗ್ಯುಲೇಟರ್ ಅಥವಾ ಲೈಟಿನ ಡಿಮ್ಮರ್ ಮೂಲಕ ಮನೆಯ 230 ವೋಲ್ಟಿಗೆ ಈ ತಂತಿ ಜೋಡಿಸುವ ವಿಡಿಯೋಗಳಿವೆ. ಬರಿಯ ತಂತಿ, ಕೈಯಲ್ಲಿ ಹಿಡಿದ ಬಿಲ್ಲು, ಒದ್ದೆ ನೆಲ. ಮುಟ್ಟಿದರೆ ಜೀವ ಹೋಗುತ್ತದೆ. ಡಿಮ್ಮರ್ ಸಣ್ಣಗಿಟ್ಟರೂ ಅಷ್ಟೇ.

6. ಬಿಲ್ಲು ಕಟ್ಟುವುದು

ನೈಕ್ರೋಮ್‌ಗೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಬೋಲ್ಟಿಗೆ ಒಂದು ಸುತ್ತು ಸುತ್ತಿ, ಎರಡು ವಾಷರ್‌ಗಳ ನಡುವೆ ಸಿಕ್ಕಿಸಿ ನಟ್ಟು ಬಿಗಿಯಿರಿ. ಅದೇ ಬೋಲ್ಟಿಗೆ ತಾಮ್ರದ ವಯರು. ಬಿಲ್ಲಿಗೆ ಬಿದಿರಿನ ಸೀಳಿಗಿಂತ ಒಳ್ಳೆಯದಿಲ್ಲ. ಘಟ್ಟದ ಮೇಲಿನವರು ಅಡಿಕೆ ದಬ್ಬೆ ಬಳಸಿದ್ದನ್ನೂ ನೋಡಿದ್ದೇನೆ, ಗಟ್ಟಿ, ಆದರೆ ಬಾಗುವುದು ಕಡಿಮೆ. ಬಾಗುವ ಗುಣ ಬೇಕು, ಏಕೆಂದರೆ ಬಿಸಿಯಾದ ತಂತಿ ಉದ್ದವಾಗಿ ಜೋತುಬೀಳುತ್ತದೆ, ಬಿದಿರು ಅದನ್ನು ತಾನೇ ಎಳೆದು ಹಿಡಿಯುತ್ತದೆ. ದಬ್ಬೆಯಾದರೆ ಒಂದು ತುದಿಗೆ ಸಣ್ಣ ಸ್ಪ್ರಿಂಗ್ ಹಾಕಿ, ಆದರೆ ಕರೆಂಟು ಆ ಸ್ಪ್ರಿಂಗ್ ಮೂಲಕ ಹೋಗಬಾರದು.

7. ಮೊದಲ ಪರೀಕ್ಷೆ

ಮೂರು ಸೆಕೆಂಡ್ ಒತ್ತಿ, ಬಿಡಿ. ಥರ್ಮೋಕೋಲ್ ತುಂಡಿಗೆ ತಾಗಿಸಿ. ಬೆಣ್ಣೆಯಲ್ಲಿ ಹೋದ ಹಾಗೆ ಹೋಗಬೇಕು, ಕೊಯ್ದ ಮುಖ ನುಣ್ಣಗಿರಬೇಕು. ತಂತಿ ಮುಟ್ಟುವ ಮೊದಲೇ ಥರ್ಮೋಕೋಲ್ ಹಿಂದೆ ಸರಿದು ಅಗಲದ ಗುಂಡಿ ಬಿದ್ದರೆ, ಹೊಗೆ ಎದ್ದರೆ, ಬಿಸಿ ಹೆಚ್ಚಾಯಿತು. ಕೋಣೆ ಕತ್ತಲೆ ಮಾಡಿ ನೋಡಿ. ತಂತಿ ಮಂದ ಕೆಂಪಾಗಿ ಕಂಡರೂ ಹೆಚ್ಚೇ, ಐದು ಸೆಂ.ಮೀ. ಉದ್ದ ಹೆಚ್ಚಿಸಿ.

ಒಂದು ನಿಮಿಷ ಕೆಲಸ ಮಾಡಿ, ಸ್ವಿಚ್ ಬಿಟ್ಟು, ಸೆಲ್, ಫ್ಯೂಸ್ ಹೋಲ್ಡರ್, ವಯರ್ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬೋಲ್ಟಿನ ತುದಿಗಳನ್ನು ಬಿಟ್ಟರೆ ಬೇರೆ ಏನೂ ಬಿಸಿ ಇರಬಾರದು. ಬಿಸಿ ಎಲ್ಲಿದೆಯೋ ಅಲ್ಲಿ ಜೋಡಣೆ ಸಡಿಲ ಅಥವಾ ಸಾಮಾನು ಕಳಪೆ. ಸ್ವಿಚ್ ಒತ್ತಿದಾಗ ಬ್ಯಾಟರಿಯ ವೋಲ್ಟ್ ಎಷ್ಟು ಇಳಿಯುತ್ತದೆ ಎಂಬುದನ್ನೂ ನೋಡಿ. 8.3 ಇದ್ದದ್ದು 8ರ ಹತ್ತಿರ ನಿಂತರೆ ಸರಿ. ಏಳಕ್ಕೆ ಕುಸಿದರೆ ಆ ಸೆಲ್‌ಗಳ ಕತೆ ಮುಗಿದಿದೆ.

ಗಾಳಿಯಾಡುವ ಜಾಗದಲ್ಲೇ ಕೆಲಸ ಮಾಡಿ, ಥರ್ಮೋಕೋಲ್ ಕಾದಾಗ ಬರುವ ಸ್ಟೈರೀನ್ ಆವಿ ಒಳ್ಳೆಯದಲ್ಲ. ದೋಣಿಯ ಮೀನಿನ ಅಂಕಣಕ್ಕೆ ತುಂಬುವ ಹಳದಿ ಪಫ್ ಫೋಮ್ ಇದೆಯಲ್ಲ, ಅದು ಪಾಲಿಯುರೆಥೇನ್. ಅದನ್ನು ಬಿಸಿ ತಂತಿಯಿಂದ ಕೊಯ್ಯಲೇಬಾರದು, ಸಯನೈಡ್ ಸೇರಿದ ವಿಷದ ಹೊಗೆ ಬರುತ್ತದೆ. ಅದಕ್ಕೆ ಗರಗಸವೇ ಗತಿ. ಪಿವಿಸಿಯೂ ಬೇಡ.

ಜೇನು ಸಾಕುವವರಿಗೆ

ಇವರ ಲೆಕ್ಕ ಬೇರೆ. ಪೆಟ್ಟಿಗೆಯ ಚೌಕಟ್ಟಿಗೆ ಅಡ್ಡಡ್ಡ ತಂತಿ ಬಿಗಿದು, ಮೇಲೆ ಮೇಣದ ಹಾಳೆ ಇಟ್ಟು, ತಂತಿಗೆ ಕರೆಂಟು ಕೊಟ್ಟರೆ ಅದು ಮೇಣದೊಳಗೆ ಇಳಿದು ಕೂರುತ್ತದೆ. ಜೇನುತುಪ್ಪ ತೆಗೆಯುವ ಯಂತ್ರದಲ್ಲಿ ತಿರುಗಿಸಿದಾಗ ಎರಿ ಮುರಿಯದಿರಲಿ ಅಂತ ಇದು. ಮೇಣ 62, 64 ಡಿಗ್ರಿಗೇ ಕರಗುವುದರಿಂದ ಬಿಸಿ ತುಂಬ ಬೇಡ, ಕೆಲವು ಸೆಕೆಂಡ್ ಸಾಕು.

ತೊಂದರೆ ಇರುವುದು ತಂತಿಯಲ್ಲಿ. ತುಡುವೆ ಪೆಟ್ಟಿಗೆಯ ಸಣ್ಣ ಚೌಕಟ್ಟಿನಲ್ಲಿ ಮೂರು ಸಾಲು ಎಳೆದರೆ ಒಟ್ಟು 60 ಸೆಂ.ಮೀ. ಆಗುತ್ತದೆ ಎಂದಿಟ್ಟುಕೊಳ್ಳಿ, ದಪ್ಪ 0.4 ಮಿ.ಮೀ. ಅದು ಸ್ಟೇನ್‌ಲೆಸ್ ಸ್ಟೀಲ್ ಆದರೆ ಸುಮಾರು 3.4 ಓಮ್. ಕಬ್ಬಿಣದ ಕಲಾಯಿ ತಂತಿ ಆದರೆ ಸುಮಾರು 0.7 ಓಮ್. ಹೊರಗಿನಿಂದ ಎರಡೂ ಬೆಳ್ಳಗೇ. ಎರಡು ಲಿಥಿಯಂ ಸೆಲ್‌ಗೆ ಸ್ಟೇನ್‌ಲೆಸ್ ಜೋಡಿಸಿದರೆ 2.5 ಆಂಪಿಯರ್, ಆರಾಮ. ಕಲಾಯಿ ತಂತಿ ಜೋಡಿಸಿದರೆ 12 ಆಂಪಿಯರ್. ಬೈಕ್ ಬ್ಯಾಟರಿಗೆ ನೇರ ಜೋಡಿಸಿದರೆ 17, 18 ಆಂಪಿಯರ್, ಮೇಣ ಕೊಯ್ದು ಹಾಳೆ ಎರಡು ತುಂಡಾಗಿ ಕೈಗೆ ಬರುತ್ತದೆ. ಅಯಸ್ಕಾಂತ ಹಿಡಿದರೆ ತಂತಿಯ ಜಾತಿ ಗೊತ್ತಾಗುತ್ತದೆ: ಕಲಾಯಿ ತಂತಿ ಗಟ್ಟಿಯಾಗಿ ಅಂಟುತ್ತದೆ, ಸ್ಟೇನ್‌ಲೆಸ್ ಸಾಮಾನ್ಯವಾಗಿ ಅಷ್ಟಾಗಿ ಅಂಟುವುದಿಲ್ಲ. ಅನುಮಾನವಿದ್ದರೆ ಓಮ್ ಅಳೆಯಿರಿ.

ಕಲಾಯಿ ತಂತಿಯೇ ಇರುವವರಿಗೆ ವೈಂಡಿಂಗ್ ಅಂಗಡಿಯ ಸೀರೀಸ್ ಬಲ್ಬಿನ ಉಪಾಯ ಹೇಳುತ್ತೇನೆ. 12 ವೋಲ್ಟ್ ಬೈಕ್ ಬ್ಯಾಟರಿ, ಅದರ ಪ್ಲಸ್‌ಗೆ 7.5 ಆಂಪಿಯರ್ ಫ್ಯೂಸ್, ನಂತರ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬು, ಬಲ್ಬಿನಿಂದ ಚೌಕಟ್ಟಿನ ತಂತಿ. ಬಲ್ಬು ಅಡ್ಡ ನಿಂತು ಕರೆಂಟನ್ನು ನಾಲ್ಕು ಆಂಪಿಯರ್ ಚಿಲ್ಲರೆಗೆ ಹಿಡಿದಿಡುತ್ತದೆ. ತಂತಿ ತಂತಿಗೆ ತಾಗಿ ಶಾರ್ಟ್ ಆದರೂ ಬಲ್ಬು ಪೂರ್ತಿ ಉರಿಯುತ್ತದೆ, ಅಷ್ಟೇ. ಮೇಣ ಕರಗಿ ತಂತಿ ಮುಳುಗಿದ್ದು ಕಂಡ ಕೂಡಲೇ ಬಿಡಿ. ಬಲ್ಬಿನ ಗಾಜು ಸುಡುತ್ತದೆ, ಮೇಣದಿಂದ ದೂರ ಇಡಿ.

ಕರಾವಳಿಯ ಗಾಳಿ, ಮಳೆಗಾಲ

ಬೈತಖೋಲ ಬಂದರಿನ ಕಡೆಯ ಒಬ್ಬರು ಹೋದ ವರ್ಷ ತಂದ ಸೆಲ್ ಹೋಲ್ಡರ್ ನನ್ನ ಮೇಜಿನ ಮೇಲೆ ಇನ್ನೂ ಇದೆ. ಸ್ಪ್ರಿಂಗಿನ ಬುಡದಲ್ಲಿ ತುಕ್ಕಿನ ಬಳೆ, ಅದರ ಸುತ್ತ ಪ್ಲಾಸ್ಟಿಕ್ ಕರಗಿ ಒಳಗೆ ಕುಸಿದಿದೆ. ಸೆಲ್, ತಂತಿ, ಲೆಕ್ಕ ಎಲ್ಲ ಸರಿಯಿತ್ತು. ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿದು ಅಲ್ಲೇ ಅರ್ಧ ಓಮ್ ಅಡ್ಡಿ ಹುಟ್ಟಿತ್ತು. ಎರಡು ಆಂಪಿಯರ್ ಹರಿದಾಗ ಅಷ್ಟು ಅಡ್ಡಿಯಲ್ಲಿ ಎರಡು ವ್ಯಾಟ್ ಬಿಸಿ, ಅದೂ ಸೆಲ್‌ಗೆ ತಾಗಿಕೊಂಡೇ. ನಮ್ಮ ಕಡೆ ಸ್ಪ್ರಿಂಗ್ ಹೋಲ್ಡರ್ ನಂಬಬೇಡಿ. ನಿಕ್ಕಲ್ ಪಟ್ಟಿ ವೆಲ್ಡ್ ಮಾಡಿದ, ಬಿಎಂಎಸ್ ಕೂಡಿದ ತಯಾರಿ ಪ್ಯಾಕ್ ಕೊಳ್ಳಿ. ಸೆಲ್‌ಗೆ ನೇರ ಬೆಸುಗೆ ಹಾಕಬೇಡಿ, ಆ ಬಿಸಿ ಒಳಗಿನ ಪದರ ಹಾಳುಮಾಡುತ್ತದೆ.

ಸೆಲ್‌ನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಬಳಸಬೇಡಿ. ಸೆಲ್‌ನ ಇಡೀ ಡಬ್ಬಿಯೇ ಮೈನಸ್. ಪ್ಲಸ್ ಗುಂಡಿಗೂ ಡಬ್ಬಿಯ ಅಂಚಿಗೂ ಕೂದಲೆಳೆ ಅಂತರ, ನಡುವೆ ಇರುವುದು ಒಂದು ಕಾಗದದ ಬಿಲ್ಲೆ ಮತ್ತು ಆ ಹೊದಿಕೆ. ಬೀಗದ ಕೈ, ಚಿಲ್ಲರೆ ಇರುವ ಕಿಸೆಯಲ್ಲಿ ಬಿಡಿ ಸೆಲ್ ಇಟ್ಟುಕೊಂಡು ತಿರುಗಬೇಡಿ.

ಮಳೆಗಾಲದಲ್ಲಿ ಕೆಲಸವಿಲ್ಲದೆ ಎತ್ತಿಡುವುದಾದರೆ ಪೂರ್ತಿ ಚಾರ್ಜ್ ಮಾಡಿ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ. ಸೆಲ್‌ಗೆ 3.7, 3.8 ವೋಲ್ಟ್ ಇರುವಾಗ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒಲೆಯಿಂದ ದೂರ. ಉಬ್ಬಿದ, ತಾನಾಗಿ ಬಿಸಿಯಾಗುವ, ಸಿಹಿ ಸಿಹಿ ರಾಸಾಯನಿಕ ವಾಸನೆ ಬರುವ ಸೆಲ್ಲನ್ನು ಮನೆಯ ಹೊರಗೆ ಮಣ್ಣಿನ ಮೇಲಿಡಿ, ಹತ್ತಿರ ನಿಲ್ಲಬೇಡಿ. ಉರಿ ಹತ್ತಿದರೆ ದೂರದಿಂದ ಧಾರಾಳ ನೀರು ಸುರಿಯಿರಿ. ಸತ್ತ ಸೆಲ್‌ಗಳು ಕಸದ ಗಾಡಿಗೆ ಬೇಡ, ಇ-ತ್ಯಾಜ್ಯ ಕೊಳ್ಳುವವರಿಗೆ ಕೊಡಿ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು "ಬ್ಯಾಟರಿಯ ರಗಳೆಯೇ ಬೇಡ, ಹಳೆಯ ಮೊಬೈಲ್ ಚಾರ್ಜರ್ ನಡೆಯುತ್ತದಾ?" ಎನ್ನುತ್ತಾರೆ. ಕರೆಂಟಿರುವ ಕಡೆ ಕೂತು ಮಾಡುವ ಕೆಲಸಕ್ಕೆ ಚೆನ್ನಾಗಿಯೇ ನಡೆಯುತ್ತದೆ. ಬಿಐಎಸ್ ನೋಂದಣಿ ಗುರುತಿನ 5 ವೋಲ್ಟ್, 2 ಆಂಪಿಯರ್ ಚಾರ್ಜರ್, 28 ಗೇಜಿನ ತಂತಿ 30 ಸೆಂ.ಮೀ. ತಂತಿ 2.9 ಓಮ್, ಕರೆಂಟು 1.7 ಆಂಪಿಯರ್. ಒಂದು ಆಂಪಿಯರ್ ಎಂದು ಬರೆದ ಹಳೆಯ ಚಾರ್ಜರ್ ಮಾತ್ರ ಹಾಕಬೇಡಿ, ಅದಕ್ಕೆ ಈ ಭಾರ ಆಗುವುದಿಲ್ಲ.